‘ಅಂತ’ದ ಅಂತ

ನಮ್ಮ ಕಡೆಯ ಮಾತಿಗೆ ‘ಅಂತ’ ಎಂಬ ಪುಟ್ಟ ಬಾಲವೊಂದಿದೆ. ಅದಿಲ್ಲದೆ ಅಣ್ಣಿಗೇರಿಯಲ್ಲಿ ಯಾವ ಸುದ್ದಿಯೂ ಓಣಿ ದಾಟುವುದಿಲ್ಲ. ನವಲಗುಂದದಾಗ ಮಳಿ ಆತಂತ, ಬಸ್ಸು ಕೆಟ್ಟು ನಿಂತದಂತ, ಅವರ ಮಗಳಿಗೆ ವರ ಗೊತ್ತಾತಂತ. ಹೇಳುವವರು ಸ್ವತಃ ಕಂಡಿಲ್ಲ, ಯಾರೋ ಅಂದದ್ದನ್ನು ದಾಟಿಸುತ್ತಿದ್ದಾರೆ ಎಂಬ ಪ್ರಾಮಾಣಿಕತೆ ಆ ಎರಡಕ್ಷರದಲ್ಲಿದೆ. ಸಂಸ್ಕೃತದಲ್ಲಿ ಅಂತವೆಂದರೆ ಕೊನೆ. ನಮ್ಮಲ್ಲಿ ಸುದ್ದಿ ಶುರುವಾಗುವುದೇ ಅಲ್ಲಿಂದ.

ನನ್ನ ಅತ್ತೆಯವರಿಗೆ ಮಾತ್ರ ಈ ಬಾಲ ಕಂಡರಾಗದು. ಯಾರು ಯಾವ ‘ಅಂತ’ವನ್ನು ಹೊತ್ತು ಪಡಸಾಲೆಗೆ ಬಂದರೂ, ಜೋಳ ಹಸನು ಮಾಡುವ ಕೈ ನಿಲ್ಲಿಸದೆ, “ನೋಡಿದವರು ಯಾರು?” ಎಂದು ಕೇಳುತ್ತಾರೆ. ಬಂದವರು ಇನ್ನೊಬ್ಬರ ಹೆಸರು ಹೇಳಿದರೆ, “ಅವರರೇ ಕಣ್ಣಿಲೆ ನೋಡ್ಯಾರೇನು?” ಎಂಬುದು ಮುಂದಿನ ಪ್ರಶ್ನೆ. ಊರಿನ ಅರ್ಧ ಸುದ್ದಿ ನಮ್ಮ ಪಡಸಾಲೆಯಲ್ಲೇ ಪ್ರಾಣ ಬಿಡುತ್ತದೆ.

ಇಂಥ ನ್ಯಾಯಾಲಯದ ಸೊಸೆಯಾಗಿಯೂ ನಾನು ದಾರಿ ತಪ್ಪಿದೆ, ಕೇಳಿ. ನಾನು ನವಲಗುಂದದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು. ಕೂದಲು ಬೆಳ್ಳಗಾಗತೊಡಗಿದ ಮೇಲೆ ಸಂಶೋಧನಾ ವಿದ್ಯಾರ್ಥಿನಿಯೂ ಆದೆ. ಬೇರೆಯವರು ಮೊಮ್ಮಕ್ಕಳ ಪಾಟಿಚೀಲ ಹೊರುವ ಕಾಲ ಹತ್ತಿರವಾದಾಗ ನಾನು ನನ್ನದನ್ನೇ ಮತ್ತೆ ಹೆಗಲಿಗೇರಿಸಿದೆ. ವಿಷಯ ಬಿಸಿಲುಗುದುರೆ. ಕಡಲೆ ಕಿತ್ತು ಬೋಳಾದ ಎರೆ ಹೊಲಗಳ ಮೇಲೆ ಮಧ್ಯಾಹ್ನದ ಹೊತ್ತು ಇಲ್ಲದ ಕೆರೆಗಳು ಥಳಥಳಿಸುವುದನ್ನು ಬಸ್ಸಿನ ಕಿಟಕಿಯಿಂದ ವರ್ಷಗಟ್ಟಲೆ ನೋಡಿದವಳು ನಾನು. ಕಾದ ಕಪ್ಪು ಮಣ್ಣು ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ, ಆ ಗಾಳಿಯಲ್ಲಿ ಬೆಳಕು ಬಾಗುತ್ತದೆ, ಆಕಾಶವೇ ನೆಲಕ್ಕಿಳಿದು ನೀರಿನ ವೇಷ ಹಾಕುತ್ತದೆ. ತರಗತಿಯಲ್ಲಿ ಇಷ್ಟು ಹೇಳಿ ಮುಗಿಸುವ ಸಂಗತಿಯ ಬಗ್ಗೆ ಪ್ರಬಂಧ ಬರೆಯಹೊರಟರೆ, ಹಿಂದಿನವರು ಏನೇನು ಬರೆದಿದ್ದಾರೆಂದು ಮೊದಲು ಹುಡುಕಬೇಕು.

ಅಂತರ್ಜಾಲದ ವಿಜ್ಞಾನವಾರ್ತೆಗಳ ಲೋಕ ನಿಮಗೂ ಗೊತ್ತಿದ್ದೀತು. ಅಲ್ಲಿ ವಾರಕ್ಕೊಮ್ಮೆ ಬೆಳಕಿನ ವೇಗದ ದಾಖಲೆ ಮುರಿಯುತ್ತದೆ. ಪಾಪ, ಬೆಳಕಿಗೆ ಮಾತ್ರ ಅದು ತಿಳಿಯುವುದಿಲ್ಲ. ಆ ಸಂತೆಯಲ್ಲಿ ಸುತ್ತಿ ಸುಸ್ತಾದ ನಾನು, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಆ ಹೊಸ ಯಂತ್ರದ ಮೊರೆಹೊಕ್ಕು, ನಮ್ಮ ಕಡೆಯ ಎರೆ ಭೂಮಿಯ ಬಿಸಿಲುಗುದುರೆಯ ಮೇಲೆ ಯಾರಾದರೂ ಬರೆದಿದ್ದಾರೆಯೇ ಎಂದು ಕೇಳಿದೆ. ಬರೆದಿದ್ದಾರೆ ಎಂದಿತು. ಅಣ್ಣಿಗೇರಿ-ನವಲಗುಂದ ರಸ್ತೆಯಲ್ಲಿ ಮಾಡಿದ ವೀಕ್ಷಣೆ, ಪತ್ರಿಕೆಯ ಹೆಸರು, ಸಂಪುಟ, ಪುಟ, ಎಲ್ಲ ಒಪ್ಪವಾಗಿತ್ತು. ರಸ್ತೆ ಬದಿಯ ಒಂಟಿ ಬನ್ನಿ ಗಿಡದ ಬುಡ ನೀರಿನಲ್ಲಿ ಕರಗಿದಂತೆ ಕಂಡಿತು ಎಂಬ ಸಾರಾಂಶವೂ ಇತ್ತು. ಲೇಖಕಿ, ಮಂದಾಕಿನಿ ನಾಡಿಗೇರ.

ಹೆಸರನ್ನು ಮತ್ತೊಮ್ಮೆ ಓದಿದೆ. ಮಂದಾಕಿನಿ ನಾಡಿಗೇರ ಎಂದರೆ ನಾನು, ಅಥವಾ ನಾನಾಗಿದ್ದವಳು. ಮದುವೆಯ ದಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿದೆ. ಅಲ್ಲಿ ಬರೆದದ್ದು ಸಂಧ್ಯಾ ಎಂದು, ಅತ್ತೆಯವರು ಆರಿಸಿದ ಹೆಸರು. ಅಡ್ಡಹೆಸರೂ ಬದಲಾಯಿತು. ಎಮ್ಮೆಸ್ಸಿ ಮುಗಿಸಿ ಸಂಶೋಧನೆಯ ಕನಸು ಕಾಣುತ್ತಿದ್ದ ಮಂದಾಕಿನಿ ಅಂದಿನಿಂದ ನನ್ನ ಪದವಿಪತ್ರದ ಮೇಲಷ್ಟೇ ಉಳಿದಳು. ನಾನು ಅಡುಗೆಮನೆ, ಕಾಲೇಜು, ಬಸ್ಸು ಎಂದು ಓಡಾಡುತ್ತಿದ್ದಾಗ ಅವಳು ಎಲ್ಲೋ ಕುಳಿತು ನನ್ನ ಪ್ರಬಂಧ ಬರೆದು ಮುಗಿಸಿದ್ದಳೇ? ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಹೇಳಲು ಸಂಕೋಚವಿಲ್ಲ, ಹೊಟ್ಟೆಕಿಚ್ಚಾಯಿತು.

ಪತ್ರಿಕೆ ನಿಜಕ್ಕೂ ಇತ್ತು, ಸಂಪುಟವೂ ಇತ್ತು. ಆ ಪುಟದಲ್ಲಿ ಮಾತ್ರ ಇನ್ಯಾರೋ ಗಾಜಿನ ಬಗ್ಗೆ ಬರೆದಿದ್ದರು. ವಿಶ್ವವಿದ್ಯಾಲಯಗಳ ಪ್ರಬಂಧಭಂಡಾರಗಳಲ್ಲಿಯೂ ಅವಳಿರಲಿಲ್ಲ. ಆದರೆ ವಾರ್ತೆಯ ತಾಣವೊಂದು ಅವಳ ಲೇಖನವನ್ನು ಉಲ್ಲೇಖಿಸಿತ್ತು. ಅದು ಇನ್ನೊಂದು ತಾಣದತ್ತ ಕೈ ತೋರಿಸಿತು. ಅಲ್ಲಿಗೆ ಹೋದರೆ ಅದು ಮೊದಲನೆಯದರತ್ತ. ಎರಡರಲ್ಲೂ ಒಂದೇ ಒಂದು ‘ಅಂತ’ ಇರಲಿಲ್ಲ. ಕಂಡವರಂತೆಯೇ ಬರೆದಿದ್ದರು. ಆಕರವಿಲ್ಲದ ಆಕಾರವನ್ನು ನಮ್ಮ ಹಿರಿಯರು ದೆವ್ವವೆಂದು ಕರೆಯುತ್ತಿದ್ದರು.

ನಮ್ಮ ಹೊಲಗಳ ಅಧ್ಯಾಯದ ಕರಡಿನಲ್ಲಿ ಆ ಲೇಖನವನ್ನು ಆಗಲೇ ಸೇರಿಸಿಬಿಟ್ಟಿದ್ದೆ, ಆದರೆ ನನ್ನ ಮಾರ್ಗದರ್ಶಕರು ಇಂಥದ್ದಕ್ಕೆಲ್ಲ ಬಗ್ಗುವವರಲ್ಲ. “ಮೂಲ ಲೇಖನ ತರ್ರಿ, ಇಲ್ಲಂದ್ರ ನಿಮ್ಮ ಕಡೆ ಹೊಲದ ಅಧ್ಯಾಯ ಬಿಟ್ಟುಬಿಡ್ರಿ,” ಎಂದರು. ಆ ಅಧ್ಯಾಯ ಹೋದರೆ ಉಳಿಯುವುದು ಪಠ್ಯಪುಸ್ತಕದ ನಕಲು. ಆ ಹೊಲಗಳ ಸಲುವಾಗಿಯೇ ನಾನು ಈ ವಯಸ್ಸಿನಲ್ಲಿ ಮತ್ತೆ ಓದಲು ಹೊರಟದ್ದು.

ಸಂಜೆ ಅತ್ತೆಯವರ ಮುಂದೆ ಎಲ್ಲವನ್ನೂ ಹೇಳಿದೆ. ಮಂದಾಕಿನಿ ಎಂಬ ಹೆಸರು ಕೇಳಿದಾಗ, ಮೊದಲ ಸಲ, ಜೋಳದ ಮೇಲಿನ ಅವರ ಕೈ ನಿಂತಿತು.

“ಆ ಹೆಸರು ತಗಸಿದಾಕಿ ನಾನ,” ಎಂದರು. ಮತ್ತೆ ಜೋಳಕ್ಕೆ ಕೈ ಹಚ್ಚಿ, “ಆಕಿ ನೋಡ್ಯಾಳಂತ ಬರದಾರಲ್ಲ, ಹೋಗಿ ಆಕೀನ ಕೇಳು. ಎಲ್ಲೆ ನಿಂತು ನೋಡಿದ್ಲು ಅಂತ.”

ಮರುದಿನ ಮಧ್ಯಾಹ್ನ, ಕೋಲಿಗೆ ಉಷ್ಣಮಾಪಕಗಳನ್ನು ಕಟ್ಟಿಕೊಂಡು ಆ ರಸ್ತೆಯಲ್ಲಿ ಬಸ್ಸಿಳಿದೆ. ಕಂಡಕ್ಟರು ಒಮ್ಮೆ ನನ್ನನ್ನೂ ಒಮ್ಮೆ ಕೋಲನ್ನೂ ನೋಡಿ ಸೀಟಿ ಊದಿದರು. ಒಂಟಿ ಬನ್ನಿ ಗಿಡ ಅಲ್ಲಿತ್ತು. ಈ ಸೀಮೆಯ ಯಾವ ರಸ್ತೆಯಲ್ಲಿ ಅಂಥ ಗಿಡವಿಲ್ಲ ಎಂದು ಬುದ್ಧಿ ಹೇಳಿತು, ಆದರೆ ಅದರ ದನಿ ಸಣ್ಣಗಾಗಿತ್ತು. ಗಿಡದ ಬುಡ ನೀರಿನಲ್ಲಿ ಕರಗಿತ್ತು. ಅದರ ಪಕ್ಕದಲ್ಲಿ ಹೆಣ್ಣುಮಗಳೊಬ್ಬಳು, ಪಾದಗಳಿಲ್ಲದೆ, ಕೋಲು ಹಿಡಿದು ನಿಂತಿದ್ದಳು.

ನೆಲದ ಹತ್ತಿರದ ಉಷ್ಣತೆ ನೋಡಲು ಬಗ್ಗಿದೆ. ಕಣ್ಣು ಕೆಳಗಿಳಿದಂತೆ ನೀರು ಮೇಲೇರುತ್ತದೆ, ಅದು ಶಾಸ್ತ್ರ; ನೀರು ಮೇಲೇರಿ ಅವಳನ್ನು ಸೊಂಟದವರೆಗೆ, ಕೊರಳವರೆಗೆ ನುಂಗಿತು. ಎದ್ದು ನಿಂತರೆ ನೀರು ಇಳಿಯಬೇಕು, ಇಳಿಯಿತು. ಗಿಡ ತಿರುಗಿ ಬಂತು. ಅವಳು ಬರಲಿಲ್ಲ. ಬದುವಿನ ಆಚೆ ಇಳಿದುಹೋದ ಹೊಲದವಳಿರಬೇಕೆಂದು ಈಗಲೂ ಅಂದುಕೊಳ್ಳುತ್ತೇನೆ. ಆಗ ಮಾತ್ರ ಹಾಗನ್ನಿಸಲಿಲ್ಲ, ಆದರೂ ಕೋಲು ಬಿಡದೆ ಅಳತೆ ಮುಗಿಸಿದೆ.

ಹಲವು ಮಧ್ಯಾಹ್ನಗಳು ಹಾಗೆ ಕಳೆದವು. ಅಧ್ಯಾಯದಿಂದ ಆ ಇಲ್ಲದ ಲೇಖನವನ್ನು ಹೊಡೆದುಹಾಕಿ ನನ್ನ ಅಳತೆಗಳನ್ನು ಕೂಡಿಸಿದೆ. ವೀಕ್ಷಕರು ಎಂಬಲ್ಲಿ, ಅತ್ತೆಯವರನ್ನು ಕೇಳಿಯೇ, ಮಂದಾಕಿನಿ ನಾಡಿಗೇರ ಎಂದು ಬರೆದೆ. ಮಾರ್ಗದರ್ಶಕರು ಓದಿ, “ಮೂಲ ಸಿಕ್ತೇನ್ರಿ?” ಎಂದರು. “ಸಿಕ್ತ್ರಿ ಸರ್,” ಎಂದೆ.

ಕುತೂಹಲ ಕೆಟ್ಟದ್ದು. ಮೊನ್ನೆ ಅದೇ ಯಂತ್ರಕ್ಕೆ, ಮಂದಾಕಿನಿ ನಾಡಿಗೇರ ಎಂಬ ವೀಕ್ಷಕಿಯ ಬಗ್ಗೆ ಹೇಳು ಎಂದೆ. ಅಂಥ ವ್ಯಕ್ತಿ ಯಾರೂ ಇಲ್ಲ ಎಂದು ಅದು ಅಷ್ಟೇ ಒಪ್ಪವಾಗಿ ಉತ್ತರಿಸಿತು. ಕತ್ತಲಾಗುತ್ತಿದ್ದ ಪಡಸಾಲೆಗೆ ಬಂದು, ನಗಲು ಪ್ರಯತ್ನಿಸುತ್ತ ಹೇಳಿದೆ: “ಅತ್ತಿ, ಮಂದಾಕಿನಿ ಅನ್ನಾಕಿ ಇಲ್ಲಂತ.”

ಅವರು ಜೋಳದಿಂದ ತಲೆ ಎತ್ತಲಿಲ್ಲ.

“ನೋಡಿದವರು ಯಾರ, ಮಂದಾ?”