ಎರಡನೇ ಟೇಬಲ್

ಕಾರ್ಕಳದ ಅಶ್ವಿತಾಳಿಗೆ ನಾರ್ತ್ ಸಿಡ್ನಿಯ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಸರ್ವರ್‌ಗಳ ವೇಗ ಅಳೆಯುವ ಕೆಲಸ. ಅವಳ ವೀಸಾ ಆ ಕಂಪನಿಯ ಕೈಯಲ್ಲಿತ್ತು. ಪಿಆರ್‌ಗೆ, ಅಂದರೆ ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿಗೆ, ಅರ್ಜಿ ಹಾಕಲು ಇನ್ನೂ ಹದಿನಾಲ್ಕು ತಿಂಗಳು. ನಡುವೆ ಕೆಲಸ ಹೋಗಿ ಬೇರೆ ಸ್ಪಾನ್ಸರ್ ಸಿಗದಿದ್ದರೆ ಗಂಡ ಭುವನ್, ಎರಡನೇ ಕ್ಲಾಸಿನ ಮಗಳು, ಎಲ್ಲರೂ ದೇಶ ಬಿಡಬೇಕು.

ಮಾರ್ಚ್‌ನಲ್ಲಿ ಒಂದು ಎಂಜಿನಿಯರಿಂಗ್ ಸಂಸ್ಥೆಯ ಕೆಲಸ ಬಂತು. ಮಳೆ ಸುರಿದರೆ ಯಾವ ಬೀದಿಗೆ ನೀರು ನುಗ್ಗುತ್ತದೆಂದು ಲೆಕ್ಕ ಹಾಕುವವರು ಅವರು. ಲೆಕ್ಕ ನಿಧಾನವಾಗಿತ್ತು. ಸರ್ವರ್‌ಗಳಲ್ಲಿ ಹೈಪರ್‌ಥ್ರೆಡಿಂಗ್ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ವೇಗ ದುಪ್ಪಟ್ಟಾಗುತ್ತದೆಂದು ಮ್ಯಾನೇಜರ್ ಸುಘೋಷ್ ಯಾರನ್ನೂ ಕೇಳದೆ ಮಾತು ಕೊಟ್ಟಿದ್ದ. ಅಶ್ವಿತಾ ನಾಲ್ಕು ದಿನ ಪರೀಕ್ಷಿಸಿದಳು. ಅವರ ವೆಬ್‌ಸೈಟ್ ಶೇಕಡಾ ಇಪ್ಪತ್ತು ಚುರುಕಾಯಿತು. ನೀರಿನ ಲೆಕ್ಕ ಮಾತ್ರ ಶೇಕಡಾ ಎಂಟು ನಿಧಾನವಾಯಿತು. ವರದಿಯ ಮೊದಲ ಟೇಬಲ್‌ನಲ್ಲಿ ವೆಬ್‌ಸೈಟಿನ ಅಂಕಿಗಳನ್ನು, ಎರಡನೆಯದರಲ್ಲಿ ನೀರಿನ ಲೆಕ್ಕದ ಅಂಕಿಗಳನ್ನು ಹಾಕಿದಳು.

"ಪ್ರೊಸೆಸರ್‌ನ ಒಂದೇ ಕೋರ್ ಎರಡಾಗಿ ಕಾಣುತ್ತೆ, ಅಷ್ಟೇ," ಎಂದಳು ಸುಘೋಷನಿಗೆ. "ಒಂದು ಕೆಲ್ಸ ಡೇಟಾಗೆ ಕಾಯ್ತಿದ್ರೆ ಆ ಬಿಡುವಲ್ಲಿ ಇನ್ನೊಂದು ನಡೆಯುತ್ತೆ. ಈ ಲೆಕ್ಕದಲ್ಲಿ ಬಿಡುವೇ ಇಲ್ಲ. ಎರಡೂ ಕಿತ್ತಾಡ್ತವೆ."

"ಎರಡನೇ ಟೇಬಲ್ ತೆಗೆದುಬಿಡಿ," ಎಂದ ಸುಘೋಷ್. "ಅಂದ್ಹಾಗೆ, ನಿಮ್ಮ ಪಿಆರ್‌ಗೆ ಕಂಪನಿ ಕೊಡೋ ನಾಮಿನೇಷನ್‌ಗೆ ನಾನೇ ಅಲ್ವಾ ಸೈನ್ ಮಾಡ್ಬೇಕಾಗಿರೋದು?"

ಕೆಲ್ಲಿವಿಲ್‌ಗೆ ಹೋಗುವ ಮೆಟ್ರೋದಲ್ಲಿ ಕುಳಿತು ಅವಳು ಆ ಟೇಬಲ್ ಅಳಿಸಿದಳು. ಮನೆಯಲ್ಲಿ ಹೇಳಿದಾಗ ಭುವನ್, ಹದಿನಾಲ್ಕು ತಿಂಗಳು ಹೇಗೋ ಕಳೆಯುತ್ತದೆ ಎಂದ.

ವರದಿ ನಂಬಿ ಆ ಸಂಸ್ಥೆ ಎಲ್ಲ ಸರ್ವರ್‌ಗಳಲ್ಲೂ ಹೈಪರ್‌ಥ್ರೆಡಿಂಗ್ ಆನ್ ಮಾಡಿತು. ಮುಂದಿನ ತಿಂಗಳು, ಲೆಕ್ಕ ಇನ್ನೂ ನಿಧಾನವಾಗಿದೆ ಎಂಬ ದೂರುಗಳು ಬಂದದ್ದು ಅವಳಿಗೇ. ಪ್ರತಿ ಸಲವೂ "ನೋಡ್ತಿದೀವಿ" ಎನ್ನುತ್ತಿದ್ದಳು. ಹಾಗೆ ಹೇಳಿದ ದಿನ ಮಧ್ಯಾಹ್ನದ ಡಬ್ಬಿ ಹಾಗೇ ಮನೆಗೆ ಮರಳುತ್ತಿತ್ತು. ಜೋರು ಮಳೆಯ ಒಂದು ವಾರ ಆ ಸಂಸ್ಥೆಯ ಎಂಜಿನಿಯರ್, ಮೈಸೂರಿನ ಮಾಧುರಿ, ಫೋನ್ ಮಾಡಿದಳು.

"ನೀರು ಬಂದ್ಮೇಲೆ ನಮ್ಮ ಲೆಕ್ಕ ಮುಗೀತಿದೆ. ನಿಜ ಹೇಳಿ ಅಶ್ವಿತಾ, ಆ ಹೈಪರ್‌ಥ್ರೆಡಿಂಗ್ ಆಫ್ ಮಾಡ್ಲಾ?"

ಗಾಜಿನ ಬಾಗಿಲಿನಾಚೆ ಸುಘೋಷ್ ನಿಂತಿದ್ದ. ಅಶ್ವಿತಾ ದನಿ ತಗ್ಗಿಸಿದಳು.

"ಮಾಡಿ. ಲೆಕ್ಕದ ಸರ್ವರ್‌ಗಳಲ್ಲಿ ಮಾತ್ರ."

ಕಳೆದುಕೊಂಡಿದ್ದ ವೇಗ ಮರಳಿತು. ಮಾಧುರಿ ಖುಷಿಯಿಂದ ಬರೆದ ಥ್ಯಾಂಕ್ಸ್ ಮೇಲ್ ಸುಘೋಷನಿಗೂ ಹೋಯಿತು. ಅವನು ಗದರಲಿಲ್ಲ. ಸೋಮವಾರದಿಂದ ಅವಳನ್ನು ಮೆಲ್ಬರ್ನ್‌ನ ಟ್ರುಗನಿನಾದ ಒಂದು ಗೋದಾಮಿನ ಪ್ರಾಜೆಕ್ಟ್‌ಗೆ ಹಾಕಿದ. ನಾಮಿನೇಷನ್ ಬಗ್ಗೆ ಕೇಳಿದರೆ "ಆಮೇಲೆ ನೋಡೋಣ" ಎಂದ.

ಈಗ ಅವಳು ವಾರವಿಡೀ ಅಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿ ಕೂರುತ್ತಾಳೆ, ಶುಕ್ರವಾರ ಸಂಜೆ ಸಿಡ್ನಿಯ ವಿಮಾನ ಹತ್ತುತ್ತಾಳೆ. ಉಳಿದುಕೊಂಡಿರುವುದು ಅಲ್ಲೇ ಹತ್ತಿರ, ಬಾಡಿಗೆಗೆ ರೂಮು ಕೊಡುವ ಜಯಲಕ್ಷ್ಮಿ ಆಂಟಿಯ ಮನೆಯಲ್ಲಿ.

"ಬೇರೆ ಕೆಲ್ಸ ನೋಡ್ಬಾರ್ದೇನಮ್ಮಾ?" ಎಂದು ಆಂಟಿ ಒಂದು ದಿನ ಕೇಳಿದರು.

"ನೋಡ್ತಾ ಇದ್ದೇನೆ ಆಂಟಿ. ಹನ್ನೊಂದು ಕಡೆ ಅರ್ಜಿ ಹಾಕಿದೆ. ಎಲ್ರೂ ಮೊದ್ಲು ಕೇಳೋದು, ಪಿಆರ್ ಉಂಟಾ ಅಂತ."