ಹನ್ನೊಂದನೇ ಅಧ್ಯಾಯದ ಒಲ್ಲೆ

ಹೆಬ್ಬಾಳದಿಂದ ಯಲಹಂಕದವರೆಗೆ ಬಾಡಿಗೆ ಮನೆ ಹುಡುಕಿದ ಆ ಎರಡು ತಿಂಗಳು ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಯಾರ್ಯಾರು ಇರ್ತೀರ?" ನಾನೊಬ್ಬಳೇ ಎಂದ ಕೂಡಲೇ ಖಾಲಿ ಮನೆಗೆ ಬೇರೆ ಯಾರೋ ಅಡ್ವಾನ್ಸ್ ಕೊಟ್ಟುಬಿಟ್ಟಿರುತ್ತಿದ್ದರು. ಮೂವತ್ತೇಳು ವಯಸ್ಸು, ತಣಿಸಂದ್ರದ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ, ಆದರೂ ಎರಡು ಕೋಣೆಗೆ ನಾನೊಬ್ಬಳು ಸಾಲುತ್ತಿರಲಿಲ್ಲ. ಕೊನೆಗೆ ಕೋಗಿಲಿನಲ್ಲಿ ಒಂದು ಮಹಡಿ ಮನೆ ಸಿಕ್ಕಿತು. ಕೆಳಗೆ ಮಾಲೀಕರು, ಅವರ ಹೆಂಡತಿ, ವಯಸ್ಸಾದ ತಾಯಿ. ಹನ್ನೊಂದು ತಿಂಗಳ ಅಗ್ರಿಮೆಂಟ್. "ಆಮೇಲೆ ನೋಡಣ ಮೇಡಂ," ಎಂದಿದ್ದರು ಮಾಲೀಕರು. ಆ 'ನೋಡಣ' ನನ್ನನ್ನು ಹನ್ನೊಂದು ತಿಂಗಳೂ ಕಾಡಿತು.

ನನಗೆ ಹಳೆಯ ಪ್ರೇಮ ಕಾದಂಬರಿಗಳ ಹುಚ್ಚು. ಯಶವಂತಪುರದ ಹಳೇ ಪುಸ್ತಕದಂಗಡಿಯಿಂದ ರಟ್ಟು ಕಿತ್ತುಹೋದದ್ದನ್ನೆಲ್ಲ ಹೊತ್ತು ತರುತ್ತೇನೆ. "ಅಕ್ಕಾ, ನಿಮ್ಮ ಹೀರೋ ಇನ್ನೂ ಬರ್ಲಿಲ್ವಾ?" ಎಂದು ಲ್ಯಾಬಿನ ಹುಡುಗಿಯರು ಕಾಲೆಳೆಯುತ್ತಾರೆ. ಹೀರೋ ಮನೆ ಹಾಳಾಗ! ನಾನು ಓದುವುದು ಕಥೆಯ ನಾಯಕಿಗೋಸ್ಕರ. ಅವಳ ಹತ್ತಿರ ಸ್ಕೂಟರಿಲ್ಲ, ಬ್ಯಾಂಕ್ ಖಾತೆಯಿಲ್ಲ, ಇರುವುದು ಎರಡೇ ಹತ್ತಿ ಸೀರೆ. ಆದರೆ ಅವಳು ಬೇಡ ಎಂದರೆ ಇಡೀ ಕಥೆ ನಿಂತು ಕೇಳುತ್ತದೆ. ನನಗೆ ಉಳಿದದ್ದೆಲ್ಲ ಇದೆ, ಅದೊಂದಿಲ್ಲ. ನಾನು ಬೇಡವೆಂದ ಗಂಡುಗಳನ್ನು ನಮ್ಮ ಮನೆಯಲ್ಲಿ ಇವತ್ತಿಗೂ 'ತಪ್ಪಿಹೋದ ಸಂಬಂಧ' ಎನ್ನುತ್ತಾರೆ. ಒಂದೂ ತಪ್ಪಿಹೋಗಲಿಲ್ಲ. ನಾನು ಬೇಡ ಅಂದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಹತ್ತನೇ ತಿಂಗಳಲ್ಲಿ ಕೆಳಗಿನ ಅಜ್ಜಿಗೆ ಕಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು, ಬೆರಳಲ್ಲೇ ಹುಡುಕಿ ಅವರೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿದ್ದ ನನಗೆ ಒಂದು ಸಂಜೆ, "ಅದನ್ನ ವಸಿ ಗಟ್ಟಿಯಾಗಿ ಓದವ್ವ. ಕಣ್ಣಿಗಷ್ಟೇ ಔಸ್ದಿ ಆಕಿರೋದು, ಕಿವಿ ಚೆನ್ನಾಗೈತೆ," ಎಂದರು.

ದಿನಕ್ಕೊಂದು ಅಧ್ಯಾಯ ಓದಿದೆ. ಹನ್ನೊಂದನೇ ಅಧ್ಯಾಯದಲ್ಲಿ ಮಿಲ್ ಮಾಲೀಕನ ಮಗ ಬಡ ಸ್ಕೂಲ್ ಮೇಡಂ ಒಬ್ಬಳನ್ನು ಮದುವೆಯಾಗುತ್ತೀಯಾ ಎಂದು ಕೇಳುತ್ತಾನೆ. ಅವಳು, "ಕ್ಷಮಿಸಿ, ನಾನು ಒಲ್ಲೆ," ಎನ್ನುತ್ತಾಳೆ. ಅಜ್ಜಿಯ ಕೈ ನಿಂತಿತು.

"ಅಂಗಂದ್ಳಾ? ಅಷ್ಟು ದೊಡ್ಡೋರಿಗೆ?"

"ಅಂದ್ಳು ಅಜ್ಜಿ."

"ಇನ್ನೊಂದ್ಸಲ ಓದು."

ಮೂರು ಸಲ ಓದಿಸಿದರು. ಆಮೇಲೆ, "ನನ್ನ ಯಾರೂ ಕೇಳ್ಲೇ ಇಲ್ಲ ಕಣವ್ವ. ಕೇಳಿದ್ರೆ ತಾನೇ ಒಲ್ಲೆ ಅನ್ನೋದು," ಎಂದರು.

"ಕೇಳಿದ್ರೆ ಏನಂತಿದ್ರಿ?"

"ಊಂ ಅಂತಿದ್ದೆ. ನಮ್ಮ ಯಜಮಾನ್ರು ಲಕ್ಷಣವಾಗಿದ್ರು," ಎಂದು ನಕ್ಕರು. "ಆದ್ರೂ ಕೇಳ್ಬೇಕಿತ್ತು."

ಅಗ್ರಿಮೆಂಟ್ ಮುಗಿಯುವ ವಾರ ಬಂತು. ಭಾನುವಾರ ಬೆಳಿಗ್ಗೆ ನಾನು ತರಕಾರಿ ಚೀಲ ಹಿಡಿದು ಗೇಟು ತೆಗೆಯುವಾಗ ಮಾಲೀಕರು ಎದುರಾದರು. "ಬ್ಯಾಟರಾಯನಪುರದ ಒಂದು ಫ್ಯಾಮಿಲಿ ಮನೆ ಕೇಳ್ತಿದ್ದಾರೆ ಮೇಡಂ. ಗಂಡ, ಹೆಂಡ್ತಿ, ಎರಡು ಮಕ್ಳು. ಬೇಜಾರ್ ಮಾಡ್ಕೋಬೇಡಿ."

ಮತ್ತೆ ಆ ಪ್ರಶ್ನೆ, ಮತ್ತೆ ಆ ಗೇಟುಗಳು. ಅಷ್ಟೆಲ್ಲ ಕಾದಂಬರಿ ಓದಿದವಳ ಬಾಯಿಗೆ ಬಂದದ್ದು ಮಾತ್ರ 'ಆಯ್ತು ಸರ್'. ಅದು ಹೊರಬೀಳುವ ಮೊದಲೇ ಮೆಟ್ಟಿಲಿಂದ ಅಜ್ಜಿಯ ದನಿ ಕೇಳಿಸಿತು.

"ನನ್ನ ಕೇಳಿದ್ಯೇನ್ಲಾ?"

"ನೀನ್ ಸುಮ್ನಿರವ್ವಾ, ಇದು ಬಾಡಿಗೆ ವಿಚಾರ."

"ಕೇಳು ಅಂದೆ."

ಮಾಲೀಕರು ನನ್ನ ಕಡೆ ನೋಡಿ ನಕ್ಕರು, ಮಗುವನ್ನು ಸಮಾಧಾನ ಮಾಡುವವರ ಹಾಗೆ. "ಸರಿ ಕಣವ್ವ. ಮೇಲಿನ ಮನೆ ಫ್ಯಾಮಿಲಿಗೆ ಕೊಡಣ್ವಾ?"

"ನಾನು ಒಲ್ಲೆ."

'ಕ್ಷಮಿಸಿ' ಒಂದನ್ನು ಬಿಟ್ಟರೆ ಪುಸ್ತಕದಲ್ಲಿದ್ದ ಹಾಗೇ, ಒಂದಕ್ಷರ ಆಚೀಚೆಯಾಗದೆ ಹೇಳಿದರು. ನಾನೇನೋ ಕೆಟ್ಟ ಮಾತು ಕಲಿಸಿಕೊಟ್ಟವಳಂತೆ ಮಾಲೀಕರು ನನ್ನನ್ನು ದಿಟ್ಟಿಸಿದರು. ಕಲಿಸಿದ್ದು ನಿಜವೇ. ನನಗೆ ಧೈರ್ಯ ಬಂತು. "ನನಗೂ ಮನೆ ಬಿಡೋಕೆ ಇಷ್ಟ ಇಲ್ಲ ಸರ್," ಎಂದೆ.

ಅವರು ಒಳಗೆ ಹೋದರು. ಇಡೀ ದಿನ ನನಗೆ ಊಟ ಸೇರಲಿಲ್ಲ. ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಮಾಲೀಕರು ಹೊಸ ಸ್ಟ್ಯಾಂಪ್ ಪೇಪರ್ ಹಿಡಿದು, ನೆಲ ನೋಡುತ್ತಾ ನಿಂತಿದ್ದರು. "ಅವ್ವ ನಿಮ್ಮನ್ನ ಬಾಯಿಬಿಟ್ಟು ಕೇಳು ಅಂದ್ಲು. ಇನ್ನೂ ಹನ್ನೊಂದು ತಿಂಗಳು ಇರ್ತೀರಾ ಮೇಡಂ? ನಿಮಗೆ ಒಪ್ಪಿಗೆನಾ?"

ಯಾರ್ಯಾರು ಇರ್ತೀರ ಎಂದಲ್ಲ, ಇರ್ತೀರಾ ಎಂದು. ನನಗೆ ಕಣ್ಣು ತುಂಬಿ ಬಂತು. ಆದರೂ ಇಂಥ ಗಳಿಗೆಯನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಲಾದೀತೇ?

"ಯೋಚನೆ ಮಾಡಿ ಹೇಳ್ತೀನಿ ಸರ್," ಎಂದೆ.

ಅವರು ಮೂರು ಮೆಟ್ಟಿಲು ಇಳಿಯುವಷ್ಟು ಹೊತ್ತು ಯೋಚನೆ ಮಾಡಿ, ಕೂಗಿ ಕರೆದೆ.