ಬಾಯಿಯ ಮೇಲೆ ಕೂತವರು

ರತ್ನಗಂಬಳಿಯಲ್ಲಿ ದೇಶದ ಅಧ್ಯಕ್ಷರ ಮುಖವನ್ನು ಗದ್ದದಿಂದ ಮೇಲಕ್ಕೆ ನೇಯುತ್ತ ಬಂದ ಓಗುಲ್ಬಿಕೆ ಆ ಬುಧವಾರ ಅವರ ಬಾಯಿಯ ಮೇಲೆ ಕೂತಿದ್ದಳು. ಬೇರೆಲ್ಲಿ ಕೂರಬೇಕಿತ್ತು? ತುರ್ಕಮೆನ್ನರ ಮಗ್ಗ ನೆಲಕ್ಕೆ ಮಲಗಿರುತ್ತದೆ. ನೇಯ್ದಷ್ಟರ ಮೇಲೆ ಕೂತು ಮುಂದಕ್ಕೆ ಸರಿಯಬೇಕು; ಅವಳ ಅಜ್ಜಿಯೂ ಹಾಗೇ ಸರಿದವಳು. ಪಕ್ಕದಲ್ಲಿ ಮುದುಕಿ ಎನೆಬಾಯ್ ಎಡಗೆನ್ನೆಯ ಮೇಲೆ ಕೂತು ಗಂಟು ಬಿಗಿಯುತ್ತಿದ್ದಳು.

ರಾಷ್ಟ್ರೀಯ ಹಬ್ಬದೊಳಗೆ ರತ್ನಗಂಬಳಿ ಮುಗಿದು ಗೋಡೆಗೇರಿದರೆ ಗಡಿ ದಾಟಲು ಪರವಾನಗಿ ಕೊಡಿಸುವುದಾಗಿ ಅಧಿಕಾರಿಗಳು ಓಗುಲ್ಬಿಕೆಗೆ ಮಾತು ಕೊಟ್ಟಿದ್ದರು. ಇಸ್ತಾಂಬುಲ್‌ನಲ್ಲಿ ಮಗಳು ಹೆತ್ತು ನಲವತ್ತು ದಿನವಾಗಿತ್ತು.

ತಪಾಸಣೆಗೆ ಬಂದ ಸರ್ಕಾರಿ ಅಧಿಕಾರಿ ಬೆಗ್ಮಿರಾತ್ ಬಾಗಿಲಲ್ಲೇ ನಿಂತುಬಿಟ್ಟ. ಎದೆಯ ಮೇಲೆ ಅಧ್ಯಕ್ಷರ ಚಿತ್ರದ ಬಿಲ್ಲೆ. ಮಗ್ಗಗಳ ನಡುವೆಯೇ ಬೆಳೆದವನಿಗೆ ಅವತ್ತು ಮೊದಲ ಸಲ ಕಣ್ಣು ಬಂದಂತಿತ್ತು.

"ಏಳ್ರೀ! ಯಾರ ಮೇಲೆ ಕೂತಿದೀರಿ ಗೊತ್ತಾ?"

"ಗೊತ್ತಿಲ್ದೆ ಏನು, ನಾವೇ ತಾನೆ ನೇಯ್ದಿದ್ದು?" ಎಂದಳು ಎನೆಬಾಯ್. "ನಿಮ್ಮಮ್ಮಾನೂ ಹಿಂದಿನ ಅಧ್ಯಕ್ಷರ ಹಣೆ ಮೇಲೆ ಕೂತೇ ಮುಗಿಸಿದ್ಲು. ಪಾಪ, ಅವ್ರೇನೂ ಅಯ್ಯೋ ಅನ್ಲಿಲ್ಲ."

ಬೆಗ್ಮಿರಾತನ ಮುಖ ಸುಣ್ಣವಾಯಿತು. ಓಗುಲ್ಬಿಕೆಯನ್ನು ಒಬ್ಬಳನ್ನೇ ಕೋಣೆಗೆ ಕರೆದು ಕಾಗದ ಮುಂದಿಟ್ಟ.

"ಅಕ್ಕಾ, ಮುದುಕಿ ಬೇಕಂತ್ಲೇ ಕೂತ್ಲು, ನನ್ನನ್ನೂ ಕೂರಿಸಿದ್ಲು ಅಂತ ಬರೀರಿ. ನಾಳೆನೇ ಪರವಾನಗಿ."

"ಆಮೇಲೆ ಅವಳ್ನ ಏನ್ಮಾಡ್ತೀರಿ?"

"ಅದು ನಿಮಗ್ಯಾಕೆ? ಮೊಮ್ಮಗು ಬೇಡ್ವಾ?"

ಓಗುಲ್ಬಿಕೆ ಕಾಗದ ಹತ್ತಿರಕ್ಕೆಳೆದುಕೊಂಡಳು. ಬರೆದಳು: ನಾವಿಬ್ಬರೂ ಕೂತಿದ್ದೆವು. ಕೂರದೆ ನೇಯುವುದನ್ನು ಯಾರಾದರೂ ತೋರಿಸಿದರೆ ಕಲಿಯುತ್ತೇವೆ.

ಪರವಾನಗಿಗೆಂದು ಅವಳು ಹಾಕಿದ್ದ ಅರ್ಜಿಯನ್ನು ಬೆಗ್ಮಿರಾತ್ ಅವಳೆದುರೇ ಹರಿದುಹಾಕಿದ; ಇಬ್ಬರನ್ನೂ ಮಗ್ಗದಿಂದ ಎಬ್ಬಿಸಿ ಮನೆಗೆ ಕಳಿಸಿದ.

ಆದರೆ ಕಣ್ಣು ನೇಯಬಲ್ಲವರು ಅಲ್ಲಿ ಇನ್ಯಾರೂ ಇರಲಿಲ್ಲ. ಅವಮಾನಕ್ಕಿಂತ ಹಬ್ಬದ ದಿನದ ಖಾಲಿ ಗೋಡೆಯ ಭಯ ದೊಡ್ಡದು. ಶುಕ್ರವಾರ ಇಬ್ಬರನ್ನೂ ವಾಪಸು ಕರೆಸಿದರು. ಇಡೀ ಸರ್ಕಾರ ತಲೆ ಕೆಡಿಸಿಕೊಂಡು ಕಂಡುಹಿಡಿದ ಪರಿಹಾರವೆಂದರೆ ಕಿಟಕಿಗೊಂದು ಪರದೆ, ಬಾಗಿಲಿಗೆ ಬೆನ್ನು ಹಾಕಿ ನಿಂತ ಪೊಲೀಸಿನವನೊಬ್ಬ. ಒಳಗೆ ಹೆಂಗಸರಿಬ್ಬರೂ ಮೂಗಿನ ಮೇಲಕ್ಕೆ ಸರಿದರು.

ಭಾನುವಾರ ಓಗುಲ್ಬಿಕೆ ಅಂಚೆ ಕಚೇರಿಯಿಂದ ಮಗಳಿಗೆ ಫೋನ್ ಮಾಡಿದಳು.

"ಈ ವರ್ಷ ಬರೋಕಾಗಲ್ಲ ಕಣೇ. ಮಂಡಿ ನೋವು."

ಮಂಡಿಯ ಮಾತು ನೆಪವೆಂದು ಮಗಳಿಗೆ ತಿಳಿಯಿತು. ಅವಳೂ ಈ ನಾಡಿನಲ್ಲೇ ಹುಟ್ಟಿದವಳು. ತಂತಿಯೊಳಗೆ ಮೂರನೆಯವನೊಬ್ಬನ ಉಸಿರು ಇಬ್ಬರಿಗೂ ಕೇಳುತ್ತಿತ್ತು.

"ಮಗೂನ ಹತ್ರ ಹಿಡಿ."

ಮಗು ಎಲ್ಲಿಲ್ಲದ ರಂಪ ಎಬ್ಬಿಸಿತು. ಓಗುಲ್ಬಿಕೆ ಕಣ್ಣು ಮುಚ್ಚಿ, ಕೊಟ್ಟ ಸಮಯ ಮುಗಿಯುವವರೆಗೂ ಕೇಳಿದಳು. ಕದ್ದು ಕೇಳುವವನೂ ಕೇಳಲಿ. ಇದನ್ನು ಅದ್ಯಾವ ಅಕ್ಷರದಲ್ಲಿ ಬರೆದುಕೊಳ್ಳುತ್ತಾನೋ ಬರೆದುಕೊಳ್ಳಲಿ.